ಅಧ್ಯಕ್ಷರ ಮೈಯೊಳಗಿನ ಗುಂಡು ಮತ್ತು ಗ್ರಹಾಂ ಬೆಲ್: ಮೆಟಲ್ ಡಿಟೆಕ್ಟರ್ ಸೋತದ್ದು ಹಾಸಿಗೆಯ ಸ್ಪ್ರಿಂಗಿನಿಂದಲೇ?

ಮೊದಲ ಮೆಟಲ್ ಡಿಟೆಕ್ಟರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ಇದು ಎಷ್ಟು ಆಳದವರೆಗೆ ಪತ್ತೆ ಹಚ್ಚುತ್ತದೆ ಎಂಬುದು. ಎರಡನೆಯದು, ಯಾವ ಲೋಹ ಎಂದೂ ಹೇಳುತ್ತದೆಯೇ ಎಂಬುದು. 1881ರ ಬೇಸಿಗೆಯಲ್ಲಿ ವಾಷಿಂಗ್ಟನ್ ನಗರದ ಒಂದು ಪ್ರಯೋಗಾಲಯದಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆಗಳು ಒಬ್ಬರ ನಿದ್ದೆಗೆಡಿಸಿದ್ದವು. ಅವರು ಹುಡುಕುತ್ತಿದ್ದದ್ದು ಒಂದು ಸೀಸದ ಗುಂಡನ್ನು. ಅದು ಹೂತುಹೋಗಿದ್ದದ್ದು ಅಮೆರಿಕದ ಅಧ್ಯಕ್ಷರ ಮೈಯೊಳಗೆ. ಹುಡುಕುತ್ತಿದ್ದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್.

ಈ ಕಥೆಯ ಒಂದು ರೂಪ ಬಹಳ ಕಡೆ ಓಡಾಡುತ್ತದೆ. ಬೆಲ್ ಯಂತ್ರ ತಂದರು, ಅಧ್ಯಕ್ಷರ ಹಾಸಿಗೆಯಡಿ ಉಕ್ಕಿನ ಸ್ಪ್ರಿಂಗ್ ಇದ್ದದ್ದು ಯಾರಿಗೂ ಹೊಳೆಯಲಿಲ್ಲ, ಯಂತ್ರ ಎಲ್ಲೆಂದರಲ್ಲಿ ಸದ್ದು ಮಾಡಿತು, ಅಧ್ಯಕ್ಷರು ತೀರಿಕೊಂಡರು. ಕೇಳಲು ಸೊಗಸಾಗಿದೆ, ಅರ್ಧ ನಿಜವೂ ಹೌದು. ಉಳಿದ ಅರ್ಧವನ್ನು ನಾವಿಲ್ಲಿ ನೋಡೋಣ. ಡಿಟೆಕ್ಟರ್ ಕೊಳ್ಳುವವರಿಗೆ ಉಪಯೋಗಕ್ಕೆ ಬರುವ ಸಂಗತಿಗಳಿರುವುದು ಅದರಲ್ಲೇ.

ಕಿವಿಯ ಸುತ್ತ ಬೆಳೆದ ಹುಡುಗ

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಾತನಿಗೂ ಅಪ್ಪನಿಗೂ ಸ್ಪಷ್ಟವಾಗಿ ಮಾತಾಡುವುದನ್ನು ಕಲಿಸುವುದೇ ಕಸುಬು. ಯಾವ ಸದ್ದಿಗೆ ನಾಲಿಗೆ, ತುಟಿ, ಗಂಟಲು ಎಲ್ಲಿ ಹೇಗೆ ನಿಲ್ಲುತ್ತವೆ ಎಂದು ತೋರಿಸುವ ಲಿಪಿಯೊಂದನ್ನು ಅಪ್ಪ ಮೆಲ್ವಿಲ್ ಬೆಲ್ ರೂಪಿಸಿದ್ದರು. (ಕಂಠ್ಯ, ತಾಲವ್ಯ, ಮೂರ್ಧನ್ಯ ಎಂದು ಅಕ್ಷರಮಾಲೆ ಕಲಿತ ನಮಗೆ ಇದು ಅಷ್ಟೇನೂ ಹೊಸದೆನಿಸದು.) ತಾಯಿ ಎಲೈಜಾ ಅವರಿಗೆ ಕಿವಿ ಮಂದವಾಗುತ್ತಾ ಬಂದಿತ್ತು. ಮಗ ಅವರ ಹಣೆಯ ಹತ್ತಿರ ಬಾಯಿಟ್ಟು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಆ ಕಂಪನದಿಂದ ತಾಯಿಗೆ ಮಾತು ತಿಳಿಯುತ್ತಿತ್ತು.

ಕ್ಷಯ ಈ ಮನೆಯನ್ನು ಬಿಡಲಿಲ್ಲ. 1867ರಲ್ಲಿ ತಮ್ಮ ಹೋದ, 1870ರಲ್ಲಿ ಅಣ್ಣ. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳೋಣವೆಂದು ತಂದೆತಾಯಿ ಅದೇ ವರ್ಷ ಕೆನಡಾಕ್ಕೆ ಹಡಗು ಹತ್ತಿದರು. ಮರುವರ್ಷ ಬೆಲ್ ಬಾಸ್ಟನ್ನಿಗೆ ಹೋಗಿ ಕಿವುಡ ಮಕ್ಕಳಿಗೆ ಮಾತು ಕಲಿಸುವ ಮೇಷ್ಟರಾದರು. ಅವರ ವಿದ್ಯಾರ್ಥಿನಿಯಾಗಿದ್ದ ಮೇಬಲ್ ಹಬ್ಬರ್ಡ್ ಐದನೇ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರದಿಂದ ಕಿವಿ ಕಳೆದುಕೊಂಡವರು. 1877ರಲ್ಲಿ ಇಬ್ಬರೂ ಮದುವೆಯಾದರು.

ಟೆಲಿಫೋನಿನ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. 1876ರ ಮಾರ್ಚ್ 7ರಂದು ಪೇಟೆಂಟ್ ಸಿಕ್ಕಿತು. ಬೆಲ್ ಅರ್ಜಿ ಹಾಕಿದ ದಿನವೇ ಎಲಿಷಾ ಗ್ರೇ ಕೂಡ ಅರ್ಜಿ ಹಾಕಿದ್ದರ ಜಗಳ, ನೂರಾರು ಮೊಕದ್ದಮೆಗಳು, ಎಲ್ಲವೂ ಬೇರೆ ಲೇಖನಕ್ಕೆ ಆಗುವಷ್ಟಿವೆ. ನಮಗೆ ಬೇಕಾದದ್ದು ಟೆಲಿಫೋನ್ ತಂತಿಗಳ ಒಂದು ಕಿರಿಕಿರಿ. ಪಕ್ಕದಲ್ಲಿ ಟೆಲಿಗ್ರಾಫ್ ತಂತಿ ಹಾದುಹೋದರೆ ಅದರ ಟಿಕ್ ಟಿಕ್ ಸದ್ದು ಟೆಲಿಫೋನಿನಲ್ಲೂ ಕೇಳಿಸುತ್ತಿತ್ತು. ಎರಡು ತಂತಿಗಳು ಎಲ್ಲೂ ಮುಟ್ಟಿಕೊಂಡಿಲ್ಲ, ಆದರೂ ಒಂದರ ವಿದ್ಯುತ್ತು ಇನ್ನೊಂದರಲ್ಲಿ ವಿದ್ಯುತ್ತನ್ನು ಎಬ್ಬಿಸುತ್ತಿತ್ತು. ಇದಕ್ಕೆ ಪ್ರೇರಣೆ ಎಂದು ಹೆಸರು. ಎರಡು ತಂತಿಗಳನ್ನು ಜೋಡಿಯಾಗಿಟ್ಟರೆ ಒಂದರಲ್ಲಿ ಎದ್ದ ಗದ್ದಲ ಇನ್ನೊಂದರದ್ದನ್ನು ಅಳಿಸಿಹಾಕುತ್ತದೆ ಎಂಬುದನ್ನು ಬೆಲ್ ಕಂಡುಕೊಂಡರು. ಟೆಲಿಫೋನಿನ ರಿಸೀವರ್ ತೀರಾ ದುರ್ಬಲ ವಿದ್ಯುತ್ತನ್ನೂ ಸದ್ದಾಗಿಸಬಲ್ಲದು ಎಂಬುದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಲೋಹ ಹುಡುಕುವ ಯಂತ್ರ ಹುಟ್ಟಿದ್ದು ಈ ಎರಡು ತಿಳಿವಳಿಕೆ ಸೇರಿ.

1881, ಜುಲೈ 2

ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅಧಿಕಾರಕ್ಕೆ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಚಾರ್ಲ್ಸ್ ಗಿಟೋ ಎಂಬವನು ಅವರ ಮೇಲೆ ಎರಡು ಗುಂಡು ಹಾರಿಸಿದ. ಒಂದು ತೋಳನ್ನು ಸವರಿಕೊಂಡು ಹೋಯಿತು. ಇನ್ನೊಂದು ಬೆನ್ನಿನ ಬಲಭಾಗದಿಂದ ಒಳಹೊಕ್ಕು ಅಲ್ಲೇ ಉಳಿಯಿತು. ವೈದ್ಯರು ಅಲ್ಲೇ, ನಿಲ್ದಾಣದಲ್ಲೇ, ತೊಳೆಯದ ಬೆರಳನ್ನು ಗಾಯದೊಳಗೆ ಹಾಕಿ ಗುಂಡು ತಡಕಿದರು. ಲಿಸ್ಟರ್ ಗಾಯ ಮತ್ತು ಉಪಕರಣಗಳ ಶುದ್ಧಿಯ ಬಗ್ಗೆ ಬರೆದು 14 ವರ್ಷ ಕಳೆದಿತ್ತು, ಆದರೆ ಅಮೆರಿಕದ ಬಹುಪಾಲು ವೈದ್ಯರು ಅದನ್ನು ಇನ್ನೂ ತಲೆಗೆ ಹಾಕಿಕೊಂಡಿರಲಿಲ್ಲ.

ಚಿಕಿತ್ಸೆಯ ಹೊಣೆಯನ್ನು ತಮ್ಮ ಕೈಗೆ ತೆಗೆದುಕೊಂಡವರು ವಿಲ್ಲರ್ಡ್ ಬ್ಲಿಸ್. ಇವರಿಗೆ ಹೆತ್ತವರು ಇಟ್ಟ ಹೆಸರೇ ಡಾಕ್ಟರ್, ಹಾಗಾಗಿ ಡಾಕ್ಟರ್ ಡಾಕ್ಟರ್ ಬ್ಲಿಸ್ ಎನ್ನಬೇಕು. ಗುಂಡು ಬಲಗಡೆಯೇ ಇದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಎಕ್ಸ್-ರೇ ಬರಲು ಇನ್ನೂ 14 ವರ್ಷವಿತ್ತು. ಚರ್ಮ ಕೊಯ್ಯದೆ ಒಳಗಿನ ಲೋಹವನ್ನು ಪತ್ತೆ ಮಾಡುವ ದಾರಿಯೇ ಇರಲಿಲ್ಲ. ಆಗ ಬೆಲ್‌ಗೆ 34 ವರ್ಷ. ಫ್ರಾನ್ಸ್ ಸರ್ಕಾರ ಕೊಟ್ಟ ವೋಲ್ಟಾ ಬಹುಮಾನದ ಹಣದಲ್ಲಿ ವಾಷಿಂಗ್ಟನ್ನಿನಲ್ಲಿ ಪ್ರಯೋಗಾಲಯ ನಡೆಸುತ್ತಿದ್ದರು. ಮನೆಯವರೊಡನೆ ಮ್ಯಾಸಚೂಸೆಟ್ಸ್‌ನಲ್ಲಿದ್ದ ಅವರು ತುಂಬು ಗರ್ಭಿಣಿ ಹೆಂಡತಿಯನ್ನು ಬಿಟ್ಟು ವಾಷಿಂಗ್ಟನ್ನಿಗೆ ಬಂದು ಸಹಾಯಕ ಸಮ್ನರ್ ಟೈಂಟರ್ ಜೊತೆ ಕೆಲಸಕ್ಕೆ ಕೂತರು. ಲಂಡನ್ನಿನ ಡೇವಿಡ್ ಹ್ಯೂಸ್ 1879ರಲ್ಲೇ ಇಂಡಕ್ಷನ್ ಬ್ಯಾಲೆನ್ಸ್ ಎಂಬ ಉಪಕರಣ ಮಾಡಿದ್ದರು, ಅವರ ಸಲಹೆಯನ್ನೂ ಕೇಳಿದರು. ಖಗೋಳ ವಿಜ್ಞಾನಿ ಸೈಮನ್ ನ್ಯೂಕಂಬ್ ಕೂಡ ಇದೇ ದಿಕ್ಕಿನಲ್ಲಿ ಯೋಚಿಸುತ್ತಿದ್ದರು. ಮೆಟಲ್ ಡಿಟೆಕ್ಟರನ್ನು ಬೆಲ್ ಒಬ್ಬರೇ ಶೂನ್ಯದಿಂದ ಸೃಷ್ಟಿಸಿದರು ಎಂಬ ಮಾತು ಹಾಗಾಗಿ ಪೂರ್ತಿ ಸರಿಯಲ್ಲ.

ಯಂತ್ರ ಕೆಲಸ ಮಾಡುವ ಬಗೆ ಸರಳ. ಒಂದು ತಂತಿಯ ಸುರುಳಿಗೆ ಬ್ಯಾಟರಿಯಿಂದ ಬಿಟ್ಟು ಬಿಟ್ಟು ವಿದ್ಯುತ್ ಹರಿಸುತ್ತಾರೆ. ಇನ್ನೊಂದು ಸುರುಳಿಯನ್ನು ಟೆಲಿಫೋನ್ ರಿಸೀವರಿಗೆ ಜೋಡಿಸುತ್ತಾರೆ. ಮೊದಲನೆಯದರ ಪ್ರಭಾವ ಎರಡನೆಯದರಲ್ಲಿ ಒಂದಕ್ಕೊಂದು ಹೊಡೆದುಹೋಗುವ ಹಾಗೆ ಅವುಗಳನ್ನು ಇಟ್ಟರೆ ಕಿವಿಗೆ ಏನೂ ಕೇಳಿಸದು. ಈಗ ಹತ್ತಿರಕ್ಕೆ ಲೋಹ ಬಂದರೆ ಅದರ ಮೈಯಲ್ಲಿ ಸುಳಿಯಂತೆ ಸುತ್ತುವ ಪುಟ್ಟ ವಿದ್ಯುತ್ ಪ್ರವಾಹಗಳು ಏಳುತ್ತವೆ. ಅವು ತಮ್ಮದೇ ಕಾಂತಕ್ಷೇತ್ರ ಹುಟ್ಟಿಸುತ್ತವೆ, ತಕ್ಕಡಿ ಏರುಪೇರಾಗುತ್ತದೆ, ರಿಸೀವರ್ ಗುಂಯ್‌ಗುಡುತ್ತದೆ. ಇಂದು ನೀವು ಕೊಳ್ಳುವ ಸಾಮಾನ್ಯ ಹವ್ಯಾಸಿ ಡಿಟೆಕ್ಟರಿನಲ್ಲೂ ನಡೆಯುವುದು ಇದೇ. ಬೆಲ್ ಕೊನೆಗೆ ಬಳಸಿದ್ದು ಒಂದರ ಮೇಲೊಂದು ಸ್ವಲ್ಪ ಸರಿದು ಕೂತ ಎರಡು ಚಪ್ಪಟೆ ಸುರುಳಿಗಳನ್ನು. ಈಗಿನ ಪೆಟ್ಟಿಗೆಗಳ ಮೇಲೆ ಡಬಲ್-ಡಿ ಕಾಯಿಲ್ ಎಂದು ಬರೆದಿರುವುದು ಅದೇ ಉಪಾಯದ ಇನ್ನೊಂದು ರೂಪ.

ಬೆಲ್ ಯಂತ್ರವನ್ನು ನೇರವಾಗಿ ರೋಗಿಯ ಮೇಲೆ ಪ್ರಯೋಗಿಸಲಿಲ್ಲ. ಮಾಂಸದ ತುಂಡಿನೊಳಗೆ ಗುಂಡು ಅಡಗಿಸಿ ನೋಡಿದರು, ಮುಚ್ಚಿದ ಮುಷ್ಟಿಯಲ್ಲಿಟ್ಟು ನೋಡಿದರು. ಅಂತರ್ಯುದ್ಧದಲ್ಲಿ ಗುಂಡು ತಿಂದು ಅದನ್ನು ಮೈಯಲ್ಲೇ ಹೊತ್ತುಕೊಂಡಿದ್ದ ಹಳೆಯ ಯೋಧರ ಮೇಲೂ ಪರೀಕ್ಷಿಸಿದರು. ಆಗ ತಿಳಿದುಬಂದದ್ದು ಎರಡು ಸಂಗತಿ. ಚಪ್ಪಟೆಯಾದ ಗುಂಡಿನ ಅಗಲವಾದ ಮುಖ ಸುರುಳಿಯ ಕಡೆಗಿದ್ದರೆ ಸದ್ದು ಜೋರು, ಅಂಚು ಅದರ ಕಡೆಗಿದ್ದರೆ ಅದೇ ಗುಂಡು ಬಹಳ ಹತ್ತಿರ ಬರುವವರೆಗೂ ಕೇಳಿಸದು. ಎರಡನೆಯದು, ಸೀಸ ಸುಲಭಕ್ಕೆ ಸಿಗುವ ಲೋಹವಲ್ಲ. ತಾಮ್ರಕ್ಕೆ ಹೋಲಿಸಿದರೆ ಸೀಸ ವಿದ್ಯುತ್ತನ್ನು ಹರಿಯಬಿಡುವುದು ಸುಮಾರು ಹನ್ನೆರಡರಲ್ಲಿ ಒಂದು ಪಾಲು. ಗಿಟೋ ಹಾರಿಸಿದ್ದು ಬೆಳ್ಳಿಯ ಗುಂಡಾಗಿದ್ದರೆ ಬೆಲ್ ಅವರ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ಎರಡು ಪರೀಕ್ಷೆಗಳು

ಜುಲೈ 26ರ ಸಂಜೆ ಯಂತ್ರ ಶ್ವೇತಭವನ ತಲುಪಿತು. ರಿಸೀವರಿನಲ್ಲಿ ಚಟಪಟ ಸದ್ದು ನಿಲ್ಲಲೇ ಇಲ್ಲ. ಹೊರಡುವ ಅವಸರದಲ್ಲಿ ಸೇರಿಸಿದ್ದ ಕಂಡೆನ್ಸರನ್ನು ತಪ್ಪಾಗಿ ಜೋಡಿಸಲಾಗಿತ್ತು ಎಂದು ಆಮೇಲೆ ತಿಳಿಯಿತು. ಪ್ರಯೋಗಾಲಯದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಯಂತ್ರಕ್ಕೆ ಕೊನೆಗಳಿಗೆಯಲ್ಲಿ ಏನನ್ನಾದರೂ ಸೇರಿಸುವ ಆಸೆ ಯಾರನ್ನೂ ಬಿಡುವುದಿಲ್ಲ.

ಆಗಸ್ಟ್ 1ರಂದು ಎರಡನೇ ಪರೀಕ್ಷೆ. ಈ ಸಲ ಯಂತ್ರ ಸರಿಯಾಗಿತ್ತು. ಬೆಲ್ ಕಿವಿಗೊಟ್ಟು ಕೇಳುತ್ತಿದ್ದಂತೆ ಸುರುಳಿಯನ್ನು ಅಧ್ಯಕ್ಷರ ಮೈಮೇಲೆ ಸರಿಸಲಾಯಿತು. ಬಲಗಡೆ ಒಂದಿಷ್ಟು ಅಗಲದ ಜಾಗದಲ್ಲಿ ಮಂದವಾದ ಸದ್ದು ಬಂತು. ಗುಂಡಿನಿಂದ ಬರುವ ಸದ್ದು ಹೀಗೆ ಹರಡಿಕೊಂಡಿರಬಾರದು ಎಂದು ಬೆಲ್‌ಗೆ ಅನುಮಾನ. ಹತ್ತಿರ ಬೇರೆ ಲೋಹ ಏನಾದರೂ ಇತ್ತೇ ಎಂದು ವಿಚಾರಿಸಿದಾಗ ಹೊರಬಿದ್ದದ್ದೇ ಹಾಸಿಗೆಯ ಸಂಗತಿ. ಕುದುರೆ ಕೂದಲಿನ ಹಾಸಿಗೆಯ ಕೆಳಗೆ ಉಕ್ಕಿನ ತಂತಿ ಹೆಣೆದ ಇನ್ನೊಂದು ಹಾಸಿಗೆ ಇತ್ತು.

ಜನಪ್ರಿಯ ಕಥೆ ಇಲ್ಲಿಗೆ ಮುಗಿಯುತ್ತದೆ. ಬೆಲ್ ಇಲ್ಲಿಗೆ ಮುಗಿಸಲಿಲ್ಲ. ಅಂಥದ್ದೇ ಒಂದು ತಂತಿ ಹಾಸಿಗೆಯನ್ನು ತರಿಸಿಕೊಂಡು ನೋಡಿದರು. ಅದು ದೊಡ್ಡ ಕಣ್ಣುಗಳ ಬಲೆ. ಅದರಿಂದಲೇ ತೊಂದರೆಯಾಗಿದ್ದರೆ ಹಾಸಿಗೆಯ ಉದ್ದಗಲಕ್ಕೂ ಸದ್ದು ಬರಬೇಕಿತ್ತು, ಬಂದದ್ದು ಅದರ ಒಂದು ಸಣ್ಣ ಭಾಗದಲ್ಲಿ ಮಾತ್ರ. ಹಾಸಿಗೆ ಅಡ್ಡಿಯಾಗಲಿಲ್ಲ ಎಂದೇ ಅವರು ಆಮೇಲೆ ಬರೆದರು. ಸ್ಪ್ರಿಂಗಿನ ಕಥೆ ಇಷ್ಟು ಹೆಸರಾಗಿರುವಾಗ, ಅದನ್ನು ಪತ್ತೆ ಮಾಡಿದವರೇ ಅದನ್ನು ಪಕ್ಕಕ್ಕಿಟ್ಟಿದ್ದರು ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಬ್ಲಿಸ್ ಮಾತ್ರ ಈ ಮಂದ ಸದ್ದನ್ನು ತಮ್ಮ ತೀರ್ಮಾನಕ್ಕೆ ಸಾಕ್ಷಿಯಾಗಿ ತೆಗೆದುಕೊಂಡರು. ಗುಂಡು ತಾವು ಹೇಳಿದ ಬಲಭಾಗದಲ್ಲೇ ಇದೆ ಎಂಬುದು ಖಚಿತವಾಯಿತೆಂದು ಪ್ರಕಟಿಸಿದರು. ಎಡಭಾಗದ ಹುಡುಕಾಟ ನಡೆಯಲೇ ಇಲ್ಲ.

ಬೆಲ್ ಹೆಂಡತಿಯ ಬಳಿಗೆ ಮರಳಿ, ಅಲ್ಲೂ ಯಂತ್ರವನ್ನು ಸುಧಾರಿಸುತ್ತಲೇ ಇದ್ದರು. ಆಗಸ್ಟ್ 15ರಂದು ಮೇಬಲ್‌ಗೆ ಅವಧಿಗೆ ಮೊದಲೇ ಹೆರಿಗೆಯಾಯಿತು. ಉಸಿರಾಡಲು ಒದ್ದಾಡಿದ ಗಂಡುಮಗು ಅದೇ ದಿನ ತೀರಿಕೊಂಡಿತು. ಕ್ಷಯದಿಂದ ಸತ್ತ ತಮ್ಮನ ಹೆಸರೇ ಮಗುವಿನದೂ, ಎಡ್ವರ್ಡ್. ಈ ಸಾವಿನ ಬೆನ್ನಿಗೇ ಬೆಲ್ ಎದೆಯ ಸುತ್ತ ತೊಡಿಸಿ ಗಾಳಿಯ ಒತ್ತಡ ಏರಿಳಿಸಿ ಉಸಿರಾಡಿಸುವ ಲೋಹದ ಕವಚವೊಂದನ್ನು ರೂಪಿಸಿದರು. ಮುಂದೆ ಪೋಲಿಯೊ ರೋಗಿಗಳನ್ನು ಬದುಕಿಸಿದ ಐರನ್ ಲಂಗ್ ಯಂತ್ರದ ಪೂರ್ವಜ ಅದು.

ಸೆಪ್ಟೆಂಬರ್ 19ರಂದು, ಗುಂಡೇಟಿನ 79ನೇ ದಿನ, ಗಾರ್ಫೀಲ್ಡ್ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಸಿಕ್ಕಿತು, ಎಡಗಡೆ, ಮೇದೋಜೀರಕ ಗ್ರಂಥಿಯ ಹಿಂದೆ. ಅದು ಬೆನ್ನುಮೂಳೆಯನ್ನು ತೂರಿ ಆ ಬದಿಗೆ ದಾಟಿತ್ತು. ದೇಹ ಅದರ ಸುತ್ತ ಕೋಶ ಕಟ್ಟಿ ತಣ್ಣಗಾಗಿಸಿತ್ತು. ಗುಂಡು ಹೋದ ದಾರಿಯೆಂದು ವೈದ್ಯರು ಬಲಗಡೆ ತಡಕುತ್ತಿದ್ದ ಜಾಡು ಕೀವಿನದಾಗಿತ್ತು. ಅಧ್ಯಕ್ಷರನ್ನು ಕೊಂದದ್ದರಲ್ಲಿ ಗುಂಡಿಗಿಂತ ಸೋಂಕಿನ ಪಾಲೇ ಹೆಚ್ಚು ಎಂಬುದು ಇಂದಿನ ವೈದ್ಯರ ಸಾಮಾನ್ಯ ಅಭಿಪ್ರಾಯ.

1882ರಲ್ಲಿ ಮಾಂಟ್ರಿಯಲ್‌ನ ವಿಜ್ಞಾನ ಸಮ್ಮೇಳನದಲ್ಲಿ ಬೆಲ್ ಈ ಪ್ರಯೋಗಗಳ ಪೂರ್ತಿ ವರದಿ ಓದಿದರು. ಕಂಡೆನ್ಸರಿನ ತಪ್ಪು, ಹಾಸಿಗೆ, ಎಲ್ಲ ಅದರಲ್ಲಿದೆ. ಗುಂಡು ತಮ್ಮ ಯಂತ್ರಕ್ಕೆ ಎಟುಕದಷ್ಟು ಆಳದಲ್ಲಿತ್ತು ಎಂಬುದು ಅವರ ಕೊನೆಯ ಮಾತು. ಅಂದರೆ ಎಡಗಡೆ ಹುಡುಕಿದ್ದರೂ ಸಿಗುತ್ತಿತ್ತು ಎನ್ನಲಾಗದು. ಬ್ಲಿಸ್ ಅವರನ್ನು ಬೈಯುವ ಉತ್ಸಾಹದಲ್ಲಿ ಇದನ್ನು ಮರೆಯಬಾರದು. ಸೋತ ಯಂತ್ರವೂ ವ್ಯರ್ಥವಾಗಲಿಲ್ಲ. ಬೆಲ್ ಸುಧಾರಿಸಿದ ಉಪಕರಣಗಳು ಮತ್ತು ಲೋಹಕ್ಕೆ ತಗುಲಿದೊಡನೆ ಟೆಲಿಫೋನಿನಲ್ಲಿ ಟಿಕ್ ಎನ್ನುವ ಶೋಧಕ ಸೂಜಿ ಎಕ್ಸ್-ರೇ ಬರುವವರೆಗೂ, ಕೆಲವೆಡೆ ಬಂದ ಮೇಲೂ, ಗಾಯಾಳುಗಳ ಮೈಯಿಂದ ಗುಂಡು ತೆಗೆಯಲು ನೆರವಾದವು.

ಆಮೇಲಿನ ನಲವತ್ತು ವರ್ಷ

ಬೆಲ್ ಒಂದೇ ವಿಷಯಕ್ಕೆ ಅಂಟಿಕೊಳ್ಳುವವರಲ್ಲ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಸರೋವರದಂಚಿಗೆ ಮನೆ ಕಟ್ಟಿಕೊಂಡು ದೊಡ್ಡ ದೊಡ್ಡ ಗಾಳಿಪಟ ಹಾರಿಸಿದರು. ಅವರ ತಂಡದ ಸಿಲ್ವರ್ ಡಾರ್ಟ್ ವಿಮಾನ 1909ರಲ್ಲಿ ಅಲ್ಲಿನ ಹಿಮಗಟ್ಟಿದ ನೀರಿನ ಮೇಲಿಂದ ಏರಿತು. 1919ರಲ್ಲಿ ಅವರ ಹೈಡ್ರೋಫಾಯಿಲ್ ದೋಣಿ ಗಂಟೆಗೆ ಸುಮಾರು 114 ಕಿ.ಮೀ. ವೇಗ ಮುಟ್ಟಿತು.

ಕಿವುಡರ ವಿಚಾರದಲ್ಲಿ ಮಾತ್ರ ಅವರ ಬಗ್ಗೆ ಇಂದಿಗೂ ಕಹಿ ಉಳಿದಿದೆ. ಕಿವುಡ ಮಕ್ಕಳು ಸಂಜ್ಞಾಭಾಷೆ ಬಿಟ್ಟು ಬಾಯಿಮಾತನ್ನೇ ಕಲಿಯಬೇಕೆಂದು ಹಠ ಹಿಡಿದರು. ಕಿವುಡರು ಕಿವುಡರನ್ನೇ ಮದುವೆಯಾಗುತ್ತಾ ಹೋದರೆ ಕಿವುಡರದೇ ಒಂದು ಕುಲ ಹುಟ್ಟುತ್ತದೆ ಎಂದು 1883ರಲ್ಲಿ ಎಚ್ಚರಿಕೆ ಕೊಟ್ಟರು. ತಾಯಿಯೂ ಹೆಂಡತಿಯೂ ಕಿವುಡರಾಗಿದ್ದ ಮನುಷ್ಯ ಅದೇ ಜನರ ಸ್ವಂತ ಭಾಷೆಗೆ ಕಿವಿಗೊಡಲಿಲ್ಲ. ಯಂತ್ರದ ಸದ್ದಿನ ಬಗ್ಗೆ ತೋರಿದ ಅನುಮಾನವನ್ನು ಅವರು ತಮ್ಮ ಈ ನಂಬಿಕೆಯ ಬಗ್ಗೆ ತೋರಲಿಲ್ಲ ಎಂದೇ ನಮಗನ್ನಿಸುತ್ತದೆ.

1922ರ ಆಗಸ್ಟ್ 2ರಂದು ಸಕ್ಕರೆ ಕಾಯಿಲೆಯ ತೊಡಕುಗಳಿಂದ ಬೆಲ್ ತೀರಿಕೊಂಡರು. ಅದೇ ವರ್ಷದ ಆರಂಭದಲ್ಲಿ ಟೊರಾಂಟೊದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಡಲಾಗಿತ್ತು. ಅಂತ್ಯಸಂಸ್ಕಾರದ ಹೊತ್ತಿಗೆ ಅಮೆರಿಕ, ಕೆನಡಾಗಳ ಟೆಲಿಫೋನುಗಳು ಒಂದು ನಿಮಿಷ ಸುಮ್ಮನಾದವು.

ಹಾಗಾದರೆ ಮೊದಲ ಡಿಟೆಕ್ಟರ್ ಯಾವುದು?

ನಿಧಿ ಹುಡುಕುವವರ ಕೈಗೆ ಈ ಯಂತ್ರ ಬಂದದ್ದು 1930ರ ದಶಕದಲ್ಲಿ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ಗೆರ್ಹಾರ್ಡ್ ಫಿಶರ್ ಹೊತ್ತೊಯ್ಯಬಹುದಾದ ಡಿಟೆಕ್ಟರಿಗೆ ಪೇಟೆಂಟ್ ಪಡೆದು ಮಾರಾಟಕ್ಕಿಳಿದರು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಯೂಜೆಫ್ ಕೊಸಾಟ್ಸ್ಕಿ ನೆಲಬಾಂಬ್ ಹುಡುಕುವ ಮಾದರಿ ಮಾಡಿದರು. ಬೆಲ್ ಎದುರಿಸಿದ ಮಿತಿಗಳು ಆ ಯಂತ್ರಗಳಿಗೂ ಇದ್ದವು, ಈಗಿನವುಗಳಿಗೂ ಇವೆ.

ಆಳದ ಮಾತನ್ನೇ ತೆಗೆದುಕೊಳ್ಳಿ. ಸುರುಳಿಯ ಅಗಲಕ್ಕಿಂತ ದೂರ ಹೋದ ಮೇಲೆ, ಸಣ್ಣ ವಸ್ತುವಿನ ದೂರ ಎರಡು ಪಟ್ಟಾದರೆ ಅದರ ಸಂಕೇತ ಸುಮಾರು 64ನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಎರಡು ಪಟ್ಟು ಬೆಲೆಯ ಯಂತ್ರ ಎರಡು ಪಟ್ಟು ಆಳಕ್ಕೆ ಹೋಗುವುದಿಲ್ಲ. ನಾಣ್ಯದ ಗಾತ್ರದ್ದಕ್ಕೆ ಸುರುಳಿಯ ಅಗಲದಷ್ಟು ಆಳ ಸಿಕ್ಕರೆ ತೃಪ್ತಿಪಡಬೇಕು. ಹತ್ತಾರು ಅಡಿ ಕೆಳಗಿನ ಬಂಗಾರವನ್ನು ಊರಾಚೆಯಿಂದಲೇ ತೋರಿಸುತ್ತೇನೆ ಎನ್ನುವ ಕಡ್ಡಿ, ಆಂಟೆನಾಗಳಿಗೆ ಹಣ ಕೊಡಬೇಡಿ. ಅದನ್ನು ಮಾಡಬಲ್ಲ ಭೌತವಿಜ್ಞಾನ ಇಲ್ಲ.

ಯಾವ ಲೋಹ ಎಂಬುದನ್ನೂ ಯಂತ್ರ ಊಹಿಸುತ್ತದೆ, ಅಷ್ಟೆ. ವಿಎಲ್‌ಎಫ್ ಎಂಬ ಬಗೆಯ ಡಿಟೆಕ್ಟರುಗಳು ಮರಳಿದ ಸಂಕೇತ ಎಷ್ಟು ತಡವಾಯಿತು ಎಂಬುದನ್ನು ಅಳೆದು ಕಬ್ಬಿಣವೋ ಬೇರೆಯೋ ಎಂದು ವಿಂಗಡಿಸುತ್ತವೆ. ಸಣ್ಣ ಬಂಗಾರದ ಉಂಗುರವೂ ಮಾತ್ರೆ ಸ್ಟ್ರಿಪ್ಪಿನ ಅಲ್ಯುಮಿನಿಯಂ ಹಾಳೆಯೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸಬಹುದು. ಹಾಳೆ ಬೇಡವೆಂದು ಗುಂಡಿ ಒತ್ತಿದವರು ಉಂಗುರವನ್ನೂ ಬಿಟ್ಟು ಹೋಗುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನ ನಮ್ಮ 1 ರೂಪಾಯಿ ನಾಣ್ಯವನ್ನು ಯಂತ್ರ ಕಬ್ಬಿಣವೆಂದು ತಳ್ಳಿಹಾಕಿದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಆದರೂ ಹೊಸಬರಿಗೆ ವಿಎಲ್‌ಎಫ್ ಬಗೆಯೇ ಸರಿ. ಪಲ್ಸ್ ಇಂಡಕ್ಷನ್ ಯಂತ್ರಗಳು ಉಪ್ಪುನೀರಿನ ತೀರದಲ್ಲೂ ಖನಿಜ ತುಂಬಿದ ಮಣ್ಣಿನಲ್ಲೂ ಚೆನ್ನಾಗಿ ನಡೆಯುತ್ತವೆ, ಆದರೆ ಲೋಹಗಳನ್ನು ವಿಂಗಡಿಸುವುದರಲ್ಲಿ ಹಿಂದೆ, ಬೆಲೆಯಲ್ಲಿ ಮುಂದೆ.

ಹಾಸಿಗೆಯ ಬದಲು ನಮಗೆ ಅಡ್ಡ ಬರುವುದು ನೆಲ. ಕರಾವಳಿಯ ಜಂಬಿಟ್ಟಿಗೆ, ಸಂಡೂರಿನ ಕೆಮ್ಮಣ್ಣು, ಉತ್ತರ ಕರ್ನಾಟಕದ ಎರೆಭೂಮಿ ಇವುಗಳಲ್ಲಿ ಕಬ್ಬಿಣದ ಅಂಶ ಹೆಚ್ಚು. ಅಲ್ಲಿ ಅಗ್ಗದ ಯಂತ್ರಗಳು ಸುಮ್ಮಸುಮ್ಮನೆ ಕೂಗುತ್ತವೆ. ಆದ್ದರಿಂದ ಗ್ರೌಂಡ್ ಬ್ಯಾಲೆನ್ಸನ್ನು ನೀವೇ ಹೊಂದಿಸಬಹುದಾದ ಯಂತ್ರವನ್ನೇ ಆರಿಸಿ. ತೆರೆಯ ಮೇಲಿನ ಅಲಂಕಾರಕ್ಕಿಂತ ಅದಕ್ಕೆ ದುಡ್ಡು ಕೊಡುವುದು ಮೇಲು. ಒಂದು ಹೆಡ್‌ಫೋನ್ ಕೂಡ ಇರಲಿ. ಅಗೆದ ಗುಂಡಿಯೊಳಗೆ ಜಾಗ ತೋರಿಸುವ ಕೈಯಳತೆಯ ಪಿನ್‌ಪಾಯಿಂಟರ್ ಆಮೇಲೆ ಕೊಂಡರಾಯಿತು.

ಎಲ್ಲಿ ಹುಡುಕುತ್ತೀರಿ ಎಂಬುದು ಕಾನೂನಿನ ಪ್ರಶ್ನೆಯೂ ಹೌದು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇದೆ. ನಿಮ್ಮದೇ ಹಿತ್ತಲು, ಒಪ್ಪಿಗೆ ಕೊಟ್ಟವರ ಹೊಲ, ಬೆಳೆಯ ನಡುವೆ ಕಳೆದುಹೋದ ಮೂಗುಬೊಟ್ಟು, ಇಷ್ಟರಿಂದ ಶುರುಮಾಡಿ.

ಮೊದಲ ವಾರ ಎಲ್ಲಿಗೂ ಹೋಗಬೇಡಿ. ಹಿತ್ತಲಲ್ಲಿ 5 ರೂಪಾಯಿ ನಾಣ್ಯ, ಒಂದು ಮೊಳೆ, ಬಾಟಲಿ ಮುಚ್ಚಳ, ಹಳೆಯ ಬೆಳ್ಳಿ ಕಾಲುಂಗುರ ಇವನ್ನು 5, 10, 15 ಸೆಂ.ಮೀ. ಆಳದಲ್ಲಿ ಹೂತು, ಗುರುತಿನ ಕಡ್ಡಿ ನೆಟ್ಟು, ಒಂದೊಂದರ ಸದ್ದನ್ನೂ ಕೇಳಿ. ನಾಣ್ಯವನ್ನು ಒಮ್ಮೆ ಮಲಗಿಸಿ, ಒಮ್ಮೆ ನಿಲ್ಲಿಸಿ ಹೂತು ನೋಡಿ. ಬೆಲ್ ಗುಂಡನ್ನು ತಿರುಗಿಸಿ ತಿರುಗಿಸಿ ಕೇಳಿದ್ದು ಇದೇ ವ್ಯತ್ಯಾಸವನ್ನು.